ಬಿರುಸಿನ ವ್ಯಾಯಾಮ ಮತ್ತು ಭಾರ ಸಾಧನೆ

ಸ್ವಲ್ಪ ಹೊತ್ತು ಮೈಯನ್ನು ಅದರ ಶಕ್ತಿಯ ಮೇಲಂಚಿನವರೆಗೆ ದುಡಿಸಿ, ಬಿಡುವು ಕೊಟ್ಟು, ಮತ್ತೆ ದುಡಿಸುವ ಕಸರತ್ತಿಗೆ ಬಿರುಸಿನ ವ್ಯಾಯಾಮ ಎನ್ನಬಹುದು. ಕಬ್ಬಿಣ, ಕಲ್ಲು, ರಬ್ಬರ್ ಪಟ್ಟಿ ಅಥವಾ ತನ್ನದೇ ಮೈತೂಕವನ್ನು ಎದುರಿಟ್ಟುಕೊಂಡು ಸ್ನಾಯುಗಳನ್ನು ಬಲಪಡಿಸುವುದು ಭಾರ ಸಾಧನೆ. ಇವೆರಡರ ಹುಟ್ಟೂ ಬೇರೆ, ಉದ್ದೇಶವೂ ಬೇರೆ. ಮೊದಲನೆಯದು ಓಟಗಾರರ ಮೈದಾನದಲ್ಲಿ ಬೆಳೆಯಿತು. ಎರಡನೆಯದು ಪೈಲ್ವಾನರ ಅಖಾಡದಲ್ಲೂ ಗಾಯಗೊಂಡ ಸೈನಿಕರ ಆಸ್ಪತ್ರೆಯಲ್ಲೂ ಬೆಳೆಯಿತು. ಎರಡನ್ನೂ ಬೆರೆಸಿ, ದಿನಕ್ಕೊಂದು ಬಗೆಯಂತೆ ಬದಲಿಸುತ್ತ ಹೋಗುವ ಪದ್ಧತಿ 2000ದ ನಂತರ ಅಮೆರಿಕದಿಂದ ಹರಡಿತು. ಕ್ರಾಸ್‌ಫಿಟ್ ಅದರ ಹೆಸರಾಂತ ರೂಪ. ಈಗ ಬೆಂಗಳೂರಿನ ಬಡಾವಣೆಗಳ ಜಿಮ್‌ಗಳಲ್ಲಿ 'ಎಚ್‌ಐಐಟಿ', 'ಫಂಕ್ಷನಲ್', 'ಸರ್ಕಿಟ್' ಎಂಬ ಫಲಕಗಳ ಕೆಳಗೆ ನಡೆಯುವುದೆಲ್ಲ ಬಹುಮಟ್ಟಿಗೆ ಇದರ ಬಳಗವೇ.

ಬಿರುಸು, ಭಾರ, ಬದಲಾವಣೆ ಈ ಮೂರರಲ್ಲಿ ಹೊಸಬರ ಕಣ್ಣಿಗೆ ಮೊದಲು ಬೀಳುವುದು ಬಿರುಸು. ಕಲಿಯುವ ಕ್ರಮದಲ್ಲಿ ಅದಕ್ಕೆ ಕೊನೆಯ ಜಾಗ. ಈ ಕ್ರಮ ತಲೆಕೆಳಗಾದಲ್ಲೇ ಹೆಚ್ಚಿನ ಗಾಯಗಳೂ 'ಒಂದು ತಿಂಗಳು ಹೋಗಿ ಬಿಟ್ಟೆ' ಎಂಬ ಮಾತುಗಳೂ ಹುಟ್ಟುತ್ತವೆ.

ಭಾರದ ಹಾದಿ

ಭಾರ ಸಾಧನೆಯ ಚರಿತ್ರೆಯನ್ನು ಎಲ್ಲರೂ ಮಿಲೋನಿಂದ ಆರಂಭಿಸುತ್ತಾರೆ. ಕ್ರಿ.ಪೂ. 6ನೆಯ ಶತಮಾನದಲ್ಲಿ ದಕ್ಷಿಣ ಇಟಲಿಯ ಗ್ರೀಕ್ ನಗರ ಕ್ರೋಟಾನ್‌ನಲ್ಲಿದ್ದ ಈ ಕುಸ್ತಿಪಟು ಒಂದು ಕರುವನ್ನು ದಿನವೂ ಹೆಗಲ ಮೇಲೆ ಹೊತ್ತು, ಅದು ಹೋರಿಯಾಗಿ ಬೆಳೆದಾಗಲೂ ಹೊರುತ್ತಿದ್ದನಂತೆ. ಕರು ಬಲಿತಷ್ಟು ಬೇಗ ಮನುಷ್ಯನ ಮೈ ಬಲಿಯುವುದಿಲ್ಲ, ಆದ್ದರಿಂದ ಕಥೆಯನ್ನು ಕಥೆಯೆಂದೇ ಕೇಳಬೇಕು. ಆದರೆ ಭಾರವನ್ನು ಇಷ್ಟಿಷ್ಟೇ ಏರಿಸಬೇಕೆಂಬ ತಿಳಿವಳಿಕೆ ಎಷ್ಟು ಹಳೆಯದೆಂದು ಅದು ತೋರಿಸುತ್ತದೆ.

ಕರ್ನಾಟಕದ ಗರಡಿಮನೆಗಳ ಸಾಮು ಇನ್ನೊಂದು ದಾರಿಯದು. ಮೈಸೂರು ಸೀಮೆಯ ಗರಡಿಯಾಗಲಿ, ಉತ್ತರ ಕರ್ನಾಟಕದ ತಾಲೀಮಾಗಲಿ, ಕೆಮ್ಮಣ್ಣಿನ ಅಖಾಡಕ್ಕೆ ಇಳಿಯುವ ಮುನ್ನ ದಂಡ, ಬಸ್ಕಿ, ಗದೆ ತಿರುಗಿಸುವುದು ಇರುತ್ತಿತ್ತು. ಇಲ್ಲಿ ಭಾರಕ್ಕಿಂತ ಹೆಚ್ಚಾಗಿ ಏರುತ್ತಿದ್ದುದು ಎಣಿಕೆ: ಐವತ್ತು ಬಸ್ಕಿ ನೂರಾಗಿ, ನೂರು ಐನೂರಾಗುತ್ತಿತ್ತು. ಇದು ದಮ್ಮನ್ನು ಬೆಳೆಸುತ್ತದೆ. ಕುಸ್ತಿಗೆ ಬೇಕಾದದ್ದೂ ಅದೇ. ಒಂದೇ ಸಲಕ್ಕೆ ಹೊರಬಲ್ಲ ಬಲವನ್ನು ಪರೀಕ್ಷಿಸಲು ಜಾತ್ರೆಗಳಲ್ಲಿ ಗುಂಡುಕಲ್ಲು, ಸಂಗ್ರಾಣಿ ಕಲ್ಲುಗಳಿದ್ದವು, ಈಗಲೂ ಇವೆ. ಬಸ್ಕಿಯ ಪಾಡು ಮಾತ್ರ ವಿಚಿತ್ರ. ಗರಡಿಯಲ್ಲಿ ಸಾಧನೆಯಾಗಿದ್ದದ್ದು ಶಾಲೆಯಲ್ಲಿ ಕಿವಿ ಹಿಡಿದು ಮಾಡುವ ಶಿಕ್ಷೆಯಾಯಿತು. ಅದೇ ಈಗ 'ಸ್ಕ್ವಾಟ್' ಎಂದು ಹೆಸರು ಬದಲಿಸಿಕೊಂಡು, ತಿಂಗಳ ಶುಲ್ಕದೊಂದಿಗೆ ಮರಳಿ ಬಂದಿದೆ. ಗರಡಿಯ ಮುದ್ಗರವೂ ಪ್ರವಾಸ ಮಾಡಿದ್ದುಂಟು. 19ನೆಯ ಶತಮಾನದಲ್ಲಿ ಬ್ರಿಟಿಷರು ಅದನ್ನು 'ಇಂಡಿಯನ್ ಕ್ಲಬ್' ಎಂದು ತಮ್ಮ ನಾಡಿಗೆ ಒಯ್ದರು. 1904 ಮತ್ತು 1932ರ ಒಲಿಂಪಿಕ್ಸ್‌ಗಳಲ್ಲಿ ಅದನ್ನು ತಿರುಗಿಸುವ ಸ್ಪರ್ಧೆಯೇ ಇತ್ತು.

ಕಬ್ಬಿಣದ ಸಾಧನೆ ಕನ್ನಡನಾಡಿಗೆ ಬಂದ ಬಗೆಯನ್ನು ಹೇಳುವಾಗ ಕೆ.ವಿ. ಅಯ್ಯರ್ ಅವರನ್ನು ಬಿಡಲಾಗದು. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳ ಲೇಖಕರೆಂದು ಓದುಗರಿಗೆ ಪರಿಚಿತರಾದ ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದವರು. ಬಾರ್ಬೆಲ್‌ನ ಜೊತೆಗೆ ಸೂರ್ಯನಮಸ್ಕಾರ, ಹಠಯೋಗಗಳನ್ನು ಬೆರೆಸಿ ಕಲಿಸಿದವರು. ದೇಹದಾರ್ಢ್ಯದ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕಗಳನ್ನು ಬರೆದು, ಅಂಚೆಯ ಮೂಲಕವೂ ಪಾಠ ಹೇಳಿದವರು. ಜರ್ಮನಿಯ ಯೂಜೆನ್ ಸ್ಯಾಂಡೋ 1904-05ರಲ್ಲಿ ಭಾರತದ ಊರೂರು ಸುತ್ತಿ ತನ್ನ ಮೈಕಟ್ಟನ್ನು ಪ್ರದರ್ಶಿಸಿದ ಮೇಲೆ ಈ ಬಗೆಯ ಉತ್ಸಾಹ ದೇಶದಲ್ಲೆಲ್ಲ ಎದ್ದಿತ್ತು. ಹೊರಗಿನದನ್ನು ತಂದು ಒಳಗಿನದರೊಡನೆ ಬೆರೆಸುವ ಕೆಲಸ ಕ್ರಾಸ್‌ಫಿಟ್ ಹುಟ್ಟುವ ಎಷ್ಟೋ ದಶಕ ಮೊದಲೇ ಬೆಂಗಳೂರಿನಲ್ಲಿ ನಡೆದಿತ್ತು ಎಂಬುದಕ್ಕೆ ಅಯ್ಯರ್ ಸಾಕ್ಷಿ.

ಭಾರ ಸಾಧನೆಗೆ ವಿಜ್ಞಾನದ ಅಡಿಪಾಯ ಹಾಕಿದವನು ಪೈಲ್ವಾನನಲ್ಲ, ವೈದ್ಯ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಅಮೆರಿಕದ ಸೇನಾ ಆಸ್ಪತ್ರೆಗಳು ಮಂಡಿ, ತೊಡೆ ಮುರಿದುಕೊಂಡ ಸೈನಿಕರಿಂದ ತುಂಬಿಹೋಗಿದ್ದವು. ಹಗುರ ತೂಕ, ಹೆಚ್ಚು ಎಣಿಕೆ ಎಂಬುದು ಆಗಿನ ಚಿಕಿತ್ಸೆಯ ವಾಡಿಕೆ. ಗುಣವಾಗಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಷಿಕಾಗೋದ ಆಸ್ಪತ್ರೆಯಲ್ಲಿದ್ದ ಥಾಮಸ್ ಡಿಲೋರ್ಮ್ ಎಂಬ ಯುವ ವೈದ್ಯ ಹರೆಯದಲ್ಲಿ ಕಾಯಿಲೆ ಬಿದ್ದು, ಭಾರ ಎತ್ತಿಯೇ ಚೇತರಿಸಿಕೊಂಡಿದ್ದವನು. ಅದೇ ದಾರಿಯನ್ನು ರೋಗಿಗಳ ಮೇಲೆ ಪ್ರಯೋಗಿಸಿ 1945ರಲ್ಲಿ ಫಲಿತಾಂಶ ಪ್ರಕಟಿಸಿದ. ಮೊದಲಿಗೆ ಹತ್ತರಂತೆ ಏಳು ಸುತ್ತು ಮಾಡಿಸುತ್ತಿದ್ದವನು, 1948ರ ಹೊತ್ತಿಗೆ ಆರ್ಥರ್ ವಾಟ್ಕಿನ್ಸ್ ಜೊತೆಗೂಡಿ ಮೂರು ಸುತ್ತಿಗೆ ಇಳಿಸಿದ. ಹತ್ತು ಸಲ ಎತ್ತಬಲ್ಲ ಗರಿಷ್ಠ ತೂಕ ಯಾವುದೆಂದು ಕಂಡುಕೊಂಡು, ಮೊದಲ ಸುತ್ತಿಗೆ ಅದರ ಅರ್ಧ, ಎರಡನೆಯದಕ್ಕೆ ಮುಕ್ಕಾಲು, ಮೂರನೆಯದಕ್ಕೆ ಪೂರ್ತಿ. ಇಂದಿಗೂ ಯಾವುದೇ ಜಿಮ್‌ಗೆ ಹೋದವರಿಗೆ ಮೊದಲ ದಿನ ಕೇಳಿಬರುವ 'ಹತ್ತು ರೆಪ್, ಮೂರು ಸೆಟ್' ಎಂಬ ಮಂತ್ರದ ಮೂಲ ಇದು. ತನ್ನ ವಿಧಾನವನ್ನು ಡಿಲೋರ್ಮ್ ಮೊದಲು ಕರೆದದ್ದು 'ಭಾರೀ ಪ್ರತಿರೋಧದ ವ್ಯಾಯಾಮ' ಎಂದು. ಆಮೇಲೆ 'ಭಾರೀ' ಎಂಬುದನ್ನು ತೆಗೆದು ಅಲ್ಲಿ 'ಏರಿಕೆಯ' ಎಂಬರ್ಥದ ಮಾತನ್ನಿಟ್ಟ. ಒಂದು ಪದದ ಈ ತಿದ್ದುಪಡಿಯಲ್ಲಿ ಹೊಸಬರಿಗೆ ಬೇಕಾದ ಬಹುಪಾಲು ಬುದ್ಧಿವಾದ ಅಡಗಿದೆ.

ಬಿರುಸಿನ ಹಾದಿ

1930ರ ದಶಕದ ಜರ್ಮನಿಯಲ್ಲಿ ತರಬೇತುದಾರ ವೊಲ್ಡೆಮಾರ್ ಗೆರ್ಷ್ಲರ್ ಮತ್ತು ಹೃದಯತಜ್ಞ ಹಾನ್ಸ್ ರೈಂಡೆಲ್ ಸೇರಿ ಓಟಗಾರರಿಗೆ ಹೊಸ ಕ್ರಮವೊಂದನ್ನು ರೂಪಿಸಿದರು. ಸಣ್ಣ ದೂರವನ್ನು ಜೋರಾಗಿ ಓಡಿ ನಾಡಿಬಡಿತವನ್ನು ನಿಮಿಷಕ್ಕೆ 180ರ ಸುತ್ತಮುತ್ತ ಏರಿಸುವುದು, 120ಕ್ಕೆ ಇಳಿಯುವವರೆಗೆ ಸುಧಾರಿಸಿಕೊಳ್ಳುವುದು, ಮತ್ತೆ ಓಡುವುದು. ಹೃದಯ ಬಲಗೊಳ್ಳುವುದು ಓಟದಲ್ಲಲ್ಲ, ನಡುವಿನ ಬಿಡುವಿನಲ್ಲಿ ಎಂಬುದು ಅವರ ನಂಬಿಕೆ. 'ಇಂಟರ್ವಲ್' ಎಂಬ ಹೆಸರು ಬಿಡುವಿನದೇ ಹೊರತು ಓಟದ್ದಲ್ಲ. ಇದನ್ನು ಈಗಿನ ತರಗತಿಗಳಲ್ಲಿ ಮರೆತವರೇ ಹೆಚ್ಚು. ಗೆರ್ಷ್ಲರ್ ಶಿಷ್ಯ ರುಡಾಲ್ಫ್ ಹಾರ್ಬಿಗ್ 1939ರಲ್ಲಿ ಮಿಲಾನ್‌ನಲ್ಲಿ 800 ಮೀಟರನ್ನು 1 ನಿಮಿಷ 46.6 ಸೆಕೆಂಡಿನಲ್ಲಿ ಓಡಿದ. ಆ ವಿಶ್ವದಾಖಲೆ ಹದಿನಾರು ವರ್ಷ ನಿಂತಿತು. ಆಮೇಲೆ ಬಂದ ಚೆಕೊಸ್ಲೊವಾಕಿಯದ ಎಮಿಲ್ ಜಾಟೊಪೆಕ್ 400 ಮೀಟರಿನ ಓಟಗಳನ್ನು ಒಂದೇ ದಿನ ಹತ್ತಾರು ಸಲ ಓಡಿ ಅಭ್ಯಾಸ ಮಾಡುತ್ತಿದ್ದ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 5,000 ಮೀ., 10,000 ಮೀ. ಮತ್ತು ಮ್ಯಾರಥಾನ್ ಮೂರರಲ್ಲೂ ಅವನಿಗೇ ಚಿನ್ನ.

ಪ್ರಯೋಗಾಲಯದ ಕಡೆಯಿಂದ ಹೆಚ್ಚು ಹೆಸರಾದದ್ದು ಜಪಾನಿನ ಇಜುಮಿ ತಬಾತಾ. ಸ್ಪೀಡ್ ಸ್ಕೇಟಿಂಗ್ ತಂಡದ ತರಬೇತುದಾರರೊಬ್ಬರು ಬಳಸುತ್ತಿದ್ದ ಕ್ರಮವನ್ನು ತಬಾತಾ ಅಳೆದು ನೋಡಿ 1996ರಲ್ಲಿ ಪ್ರಕಟಿಸಿದರು. ವ್ಯಾಯಾಮದ ಸೈಕಲ್ ಮೇಲೆ 20 ಸೆಕೆಂಡು ಪ್ರಾಣ ಹೋಗುವಂತೆ ತುಳಿಯುವುದು, 10 ಸೆಕೆಂಡು ಬಿಡುವು. ಹೀಗೆ ಏಳೆಂಟು ಸುತ್ತು. ಒಟ್ಟು ನಾಲ್ಕು ನಿಮಿಷವೂ ಇಲ್ಲ. ಆರು ವಾರಗಳ ಬಳಿಕ ಈ ಗುಂಪಿನವರ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯವೂ ಏರಿತ್ತು, ಆಮ್ಲಜನಕದ ನೆರವಿಲ್ಲದೆ ದುಡಿಯುವ ಸಾಮರ್ಥ್ಯವೂ ಶೇ 28ರಷ್ಟು ಏರಿತ್ತು. ಒಂದು ಗಂಟೆ ಹದವಾಗಿ ತುಳಿದ ಇನ್ನೊಂದು ಗುಂಪಿನಲ್ಲಿ ಮೊದಲನೆಯದು ಮಾತ್ರ ಏರಿತ್ತು. ಇದರಿಂದ 'ನಾಲ್ಕು ನಿಮಿಷ ಸಾಕು' ಎಂಬ ಜಾಹೀರಾತು ಹುಟ್ಟಿಕೊಂಡಿತು. ಆ ಪ್ರಯೋಗದಲ್ಲಿ ಪಾಲ್ಗೊಂಡವರು ಕ್ರೀಡೆಯಲ್ಲಿ ಪಳಗಿದ ತರುಣರು, ತುಳಿದ ವೇಗ ಅವರ ಗರಿಷ್ಠ ಆಮ್ಲಜನಕ ಬಳಕೆಯ ಮಟ್ಟದ 170% ಎಂಬುದನ್ನು ಯಾವ ಫಲಕವೂ ಹೇಳುವುದಿಲ್ಲ. 'ತಬಾತಾ' ಮುಗಿಸಿ ಪಕ್ಕದವರ ಜೊತೆ ಹರಟಬಲ್ಲಿರಾದರೆ ನೀವು ಮಾಡಿದ್ದು ತಬಾತಾ ಅಲ್ಲ. ಅದರಲ್ಲಿ ತಪ್ಪೇನೂ ಇಲ್ಲ.

ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಮಾರ್ಟಿನ್ ಗಿಬಾಲಾ ತಂಡ ಇದನ್ನು ಸಾಮಾನ್ಯರ ಕಡೆಗೆ ತಂದಿತು. 2016ರಲ್ಲಿ ಪ್ರಕಟವಾದ ಅವರ ಹನ್ನೆರಡು ವಾರಗಳ ಅಧ್ಯಯನದಲ್ಲಿ, ಹತ್ತು ನಿಮಿಷದ ಹಗುರ ಸೈಕಲ್ ಸವಾರಿಯೊಳಗೆ 20 ಸೆಕೆಂಡಿನ ಮೂರು ಬಿರುಸಿನ ತುಳಿತಗಳನ್ನು ಸೇರಿಸಿದವರಿಗೂ, 45 ನಿಮಿಷ ಹದವಾಗಿ ತುಳಿದವರಿಗೂ ದಮ್ಮಿನ ಸುಧಾರಣೆ ಹೆಚ್ಚುಕಡಿಮೆ ಒಂದೇ ಆಗಿತ್ತು. ನಾರ್ವೆಯ ಟ್ರಾಂಡ್‌ಹೈಮ್‌ನ ಸಂಶೋಧಕರು ಇನ್ನೂ ಸೌಮ್ಯವಾದ ಕ್ರಮವೊಂದನ್ನು ಬಳಕೆಗೆ ತಂದರು: ನಾಲ್ಕು ನಿಮಿಷ ಜೋರು, ಮೂರು ನಿಮಿಷ ನಿಧಾನ, ನಾಲ್ಕು ಸಲ.

ಎರಡು ಹಾದಿ ಕೂಡಿದ್ದು

ಕ್ಯಾಲಿಫೋರ್ನಿಯದ ಸಾಂತಾ ಕ್ರೂಜ್‌ನಲ್ಲಿ ತರಬೇತುದಾರನಾಗಿದ್ದ ಮಾಜಿ ಜಿಮ್ನಾಸ್ಟ್ ಗ್ರೆಗ್ ಗ್ಲಾಸ್‌ಮನ್ 2000ದಲ್ಲಿ ಕ್ರಾಸ್‌ಫಿಟ್ ಕಂಪನಿಯನ್ನು ಆರಂಭಿಸಿದ. ಮರುವರ್ಷದಿಂದ ದಿನಕ್ಕೊಂದು ಕಸರತ್ತನ್ನು ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಹಾಕತೊಡಗಿದ. ಸದಾ ಬದಲಾಗುವ, ನಿತ್ಯದ ಕೆಲಸಗಳನ್ನು ಹೋಲುವ ಚಲನೆಗಳನ್ನು ಬಿರುಸಾಗಿ ಮಾಡುವುದು ಎಂಬುದು ಅವನ ಸೂತ್ರ. ಅಮೆರಿಕದ ಹವಾಮಾನ ಇಲಾಖೆ ಚಂಡಮಾರುತಗಳಿಗೆ ಹೆಂಗಸರ ಹೆಸರಿಡುತ್ತಿದ್ದಂತೆ ಅವನೂ ಕೆಲವು ಕಸರತ್ತುಗಳಿಗೆ ಹಾಗೆಯೇ ಹೆಸರಿಟ್ಟ. 'ಸಿಂಡಿ' ಎಂದರೆ 5 ಪುಲ್‌ಅಪ್, 10 ದಂಡ, 15 ಬಸ್ಕಿ. ಇಪ್ಪತ್ತು ನಿಮಿಷದಲ್ಲಿ ಎಷ್ಟು ಸುತ್ತು ಆದೀತೋ ಅಷ್ಟು. 'ಫ್ರಾನ್' ಎಂದರೆ 43 ಕೆ.ಜಿ. ಬಾರ್ಬೆಲ್ ಹಿಡಿದು ಕುಕ್ಕರಗಾಲಿನಿಂದ ಎದ್ದು ತಲೆಯ ಮೇಲಕ್ಕೆ ತಳ್ಳುವುದು, ಜೊತೆಗೆ ಪುಲ್‌ಅಪ್. ತಲಾ 21, ಮತ್ತೆ 15, ಮತ್ತೆ 9. ಗಡಿಯಾರದ ಮುಂದೆ ಮಾಡಿ, ಸಮಯವನ್ನು ಕರಿಹಲಗೆಯ ಮೇಲೆ ಬರೆಯುವ ಪದ್ಧತಿ ವ್ಯಾಯಾಮವನ್ನು ಆಟವಾಗಿಸಿತು. 2007ರಲ್ಲಿ ಅರೋಮಸ್ ಎಂಬಲ್ಲಿನ ತೋಟದಲ್ಲಿ ಮೊದಲ ಕ್ರಾಸ್‌ಫಿಟ್ ಕ್ರೀಡಾಕೂಟ ನಡೆಯಿತು. ಮುಂದಿನ ದಶಕದ ಕೊನೆಗೆ ಜಗತ್ತಿನಾದ್ಯಂತ ಹತ್ತು ಸಾವಿರಕ್ಕೂ ಹೆಚ್ಚು ಜಿಮ್‌ಗಳು ಅದರ ಹೆಸರು ಹೊತ್ತಿದ್ದವು. 2020ರಲ್ಲಿ ವರ್ಣಭೇದ ವಿರೋಧಿ ಚಳವಳಿಯ ಹೊತ್ತಿನಲ್ಲಿ ಆಡಿದ ಮಾತುಗಳಿಂದ ವಿವಾದಕ್ಕೆ ಸಿಲುಕಿದ ಗ್ಲಾಸ್‌ಮನ್ ಕಂಪನಿಯನ್ನು ಮಾರಿ ಹೊರನಡೆದ.

ಈ ಪದ್ಧತಿಯ ದೊಡ್ಡ ಲಾಭ ಗುಂಪು. ಒಬ್ಬರೇ ಡಂಬೆಲ್ ಎತ್ತುವ ಬೇಸರ ಇಲ್ಲಿಲ್ಲ. ಕೊನೆಯಲ್ಲಿ ಮುಗಿಸುವವರಿಗೆ ಚಪ್ಪಾಳೆ ಹೆಚ್ಚು. ಅದರ ದೌರ್ಬಲ್ಯವೂ ಅಲ್ಲೇ ಇದೆ. ಒಲಿಂಪಿಕ್ ಭಾರ ಎತ್ತುಗೆಯಲ್ಲಿ ನೆಲದಿಂದ ಒಂದೇ ಬೀಸಿಗೆ ತಲೆಯ ಮೇಲಕ್ಕೆತ್ತುವ ಸ್ನ್ಯಾಚ್‌ನಂಥ ಸೂಕ್ಷ್ಮ ಚಲನೆಯನ್ನು ಅದು ಗಡಿಯಾರದ ಎದುರು ಓಡಿಸುತ್ತದೆ. ಉಡುಪಿ ಜಿಲ್ಲೆಯ ವೇಟ್‌ಲಿಫ್ಟರ್ ಗುರುರಾಜ ಪೂಜಾರಿ 2018ರ ಗೋಲ್ಡ್‌ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ, 2022ರ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಂಚು ಗೆದ್ದವರು. ಅಂಥ ಸ್ಪರ್ಧೆಯಲ್ಲಿ ಸ್ನ್ಯಾಚ್‌ಗೆ ಸಿಗುವುದು ಮೂರೇ ಅವಕಾಶ, ನಡುವೆ ನಿಮಿಷಗಟ್ಟಲೆ ಬಿಡುವು. ಕ್ರಾಸ್‌ಫಿಟ್‌ನ 'ಇಸಬೆಲ್' ಎಂಬ ಕಸರತ್ತಿನಲ್ಲಿ 61 ಕೆ.ಜಿ.ಯನ್ನು ಮೂವತ್ತು ಸಲ, ಆದಷ್ಟು ಬೇಗ ಎತ್ತಬೇಕು. ವರ್ಷಗಟ್ಟಲೆ ಪಳಗಿದವರಿಗೆ ಅದು ಆಟ. ಮೂರನೆಯ ವಾರದಲ್ಲಿರುವವರಿಗೆ ಇಪ್ಪತ್ತನೆಯ ಎತ್ತುಗೆಯ ಹೊತ್ತಿಗೆ ಬೆನ್ನು ಬಾಗಿರುತ್ತದೆ, ಗಡಿಯಾರ ಓಡುತ್ತಲೇ ಇರುತ್ತದೆ. ಕ್ರಾಸ್‌ಫಿಟ್‌ನ ಸ್ವಂತ ಪಾಠವೂ ಮೊದಲು ಚಲನೆಯ ಶುದ್ಧಿ, ಆಮೇಲೆ ತಪ್ಪದ ಅಭ್ಯಾಸ, ಕೊನೆಗೆ ಬಿರುಸು ಎಂದೇ ಹೇಳುತ್ತದೆ. ಕರಿಹಲಗೆಯ ಮುಂದೆ ಅದು ಎಷ್ಟು ನೆನಪಿರುತ್ತದೆ ಎಂಬುದು ಕಲಿಸುವವರನ್ನು ಅವಲಂಬಿಸಿದೆ.

ಮೈಯೊಳಗೆ

ಸ್ನಾಯುವಿಗೆ ಮೂರು ಇಂಧನದ ದಾರಿಗಳಿವೆ. ಮೊದಲ ಹತ್ತು ಸೆಕೆಂಡಿನ ಜಿಗಿತಕ್ಕೆ ಅದರಲ್ಲೇ ಕೂಡಿಟ್ಟ ಫಾಸ್ಫೊಕ್ರಿಯೇಟಿನ್ ಸಾಕು. ಅಲ್ಲಿಂದ ಒಂದೆರಡು ನಿಮಿಷದವರೆಗಿನ ಬಿರುಸಿಗೆ ಗ್ಲೈಕೊಜನ್ ಆಮ್ಲಜನಕದ ನೆರವಿಲ್ಲದೆ ಬೇಗ ಬೇಗ ಒಡೆಯುತ್ತದೆ. ತೊಡೆ ಉರಿಯುವುದು ಆಗಲೇ. ಅದಕ್ಕೂ ಉದ್ದದ ಕೆಲಸವನ್ನು ಆಮ್ಲಜನಕ ನಡೆಸುತ್ತದೆ. ಮೂರೂ ಒಟ್ಟಿಗೇ ಉರಿಯುತ್ತಿರುತ್ತವೆ, ಪಾಲು ಮಾತ್ರ ಬದಲಾಗುತ್ತದೆ. ಬಿಡುವಿಟ್ಟು ದುಡಿಯುವ ಕ್ರಮ ಜೀವಕೋಶದ ಮೈಟೊಕಾಂಡ್ರಿಯಗಳನ್ನು ಹೆಚ್ಚಿಸುತ್ತದೆ, ಹೃದಯ ಒಂದು ಬಡಿತಕ್ಕೆ ನೂಕುವ ರಕ್ತದ ಪ್ರಮಾಣವನ್ನೂ ಹೆಚ್ಚಿಸುತ್ತದೆ.

'ಮುಗಿದ ಮೇಲೂ ಇಡೀ ದಿನ ಕೊಬ್ಬು ಕರಗುತ್ತಿರುತ್ತದೆ' ಎಂಬ ಮಾತು ಜಿಮ್‌ಗಳಲ್ಲಿ ಬಹಳ ಚಲಾವಣೆಯಲ್ಲಿದೆ. ವ್ಯಾಯಾಮದ ನಂತರ ಆಮ್ಲಜನಕದ ಬಳಕೆ ಕೆಲಹೊತ್ತು ಹೆಚ್ಚಿರುವುದು ನಿಜ. ಆದರೆ ಅದರ ಲೆಕ್ಕ ವ್ಯಾಯಾಮಕ್ಕೆ ಖರ್ಚಾದ ಶಕ್ತಿಯ 6ರಿಂದ 15% ಮಾತ್ರ. ಅರ್ಧ ಗಂಟೆಯ ಕಸರತ್ತಿನ ಈ 'ಉಳಿಕೆ' ಒಂದೆರಡು ಸಣ್ಣ ಬಿಸ್ಕತ್ತಿಗಷ್ಟೇ ಸಮ.

ಭಾರ ಸಾಧನೆಯ ಮೊದಲ ವಾರಗಳಲ್ಲಿ ಬಲ ಬೆರಗಾಗುವಷ್ಟು ಬೇಗ ಏರುತ್ತದೆ, ತೋಳಿನ ಸುತ್ತಳತೆ ಮಾತ್ರ ಇದ್ದಲ್ಲೇ ಇರುತ್ತದೆ. ಇದಕ್ಕೆ ಕಾರಣ ನರಮಂಡಲ: ಇರುವ ಸ್ನಾಯುತಂತುಗಳನ್ನೇ ಹೆಚ್ಚು ಸಂಖ್ಯೆಯಲ್ಲಿ, ಹೆಚ್ಚು ಹೊಂದಾಣಿಕೆಯಿಂದ ಕೆಲಸಕ್ಕೆ ಕರೆಯಲು ಅದು ಕಲಿಯುತ್ತದೆ. ಮೊರಿತಾನಿ ಮತ್ತು ಡಿವ್ರೀಸ್ 1979ರಲ್ಲಿ ಇದನ್ನು ಅಳೆದು ತೋರಿಸಿದರು. ಸ್ನಾಯು ಕಣ್ಣಿಗೆ ಕಾಣುವಷ್ಟು ದಪ್ಪವಾಗಲು ಹಲವು ವಾರ ಬೇಕು. ಸ್ನಾಯುವನ್ನು ಎಲುಬಿಗೆ ಕಟ್ಟುವ ರಜ್ಜುಗಳದು ಇನ್ನೂ ನಿಧಾನದ ಸ್ವಭಾವ. ರಕ್ತಸಂಚಾರ ಕಡಿಮೆಯಿರುವುದರಿಂದ ಅವು ಗಟ್ಟಿಗೊಳ್ಳಲು ತಿಂಗಳುಗಳೇ ಹಿಡಿಯುತ್ತವೆ. ಎರಡನೆಯ ತಿಂಗಳಿನಲ್ಲಿ 'ಇನ್ನೂ ಹಾಕಬಹುದು' ಅನ್ನಿಸುವುದು ನರ ಮತ್ತು ಸ್ನಾಯುವಿನ ಮಾತು, ರಜ್ಜುವಿನ ಮಾತಲ್ಲ. ಹೊಸಬರ ಭುಜ, ಮೊಣಕೈ ನೋವುಗಳ ಬಹುಪಾಲು ಈ ಅಂತರದಲ್ಲಿ ಹುಟ್ಟುತ್ತದೆ.

ಮೊದಲ ವಾರದ ಮೈಕೈ ನೋವು ಬೇರೆ. ಬಸ್ಕಿ ಹೊಡೆದ ಮೂರನೆಯ ದಿನ ಮೆಟ್ಟಿಲು ಇಳಿಯಲಾಗದಂತೆ ತೊಡೆ ಹಿಡಿದುಕೊಳ್ಳುವುದು ಭಾರವನ್ನು ತಡೆಯುತ್ತ ಕೆಳಗಿಳಿಸುವಾಗ ಆಗುವ ಸೂಕ್ಷ್ಮ ಹಾನಿಯಿಂದ. ಒಂದರಿಂದ ಮೂರು ದಿನದೊಳಗೆ ಅದು ತುತ್ತತುದಿಗೆ ಹೋಗಿ ಇಳಿಯುತ್ತದೆ. ನೋವು ಜಾಸ್ತಿಯಾದಷ್ಟೂ ವ್ಯಾಯಾಮ ಚೆನ್ನಾಗಿ ಆಯಿತು ಎಂಬುದು ತಪ್ಪು ಲೆಕ್ಕ.

ಬಿರುಸನ್ನು ಅಳೆಯುವುದು

ಬಿರುಸು ತೂಕದಲ್ಲೂ ವೇಗದಲ್ಲೂ ಇರುವುದಿಲ್ಲ, ಅದನ್ನು ಹೊರುವ ಮೈಯಲ್ಲಿರುತ್ತದೆ. ಹತ್ತು ವರ್ಷ ಕುರ್ಚಿಯಲ್ಲಿ ಕೂತವರಿಗೆ ಚಾಮುಂಡಿ ಬೆಟ್ಟದ ಮೊದಲ ನೂರು ಮೆಟ್ಟಿಲೇ ಬಿರುಸಿನ ವ್ಯಾಯಾಮ. ದಿನವೂ ಸಾವಿರ ಮೆಟ್ಟಿಲು ಹತ್ತುವವರಿಗೆ ಅದು ಮೈ ಬಿಸಿಮಾಡಿಕೊಳ್ಳುವ ಕೆಲಸ. ಗರಿಷ್ಠ ನಾಡಿಬಡಿತಕ್ಕೆ '220ರಿಂದ ವಯಸ್ಸು ಕಳೆಯಿರಿ' ಎಂಬ ಸೂತ್ರ 1970ರ ಸುಮಾರಿನದು. ವಯಸ್ಸಿನ 0.7ರಷ್ಟನ್ನು 208ರಿಂದ ಕಳೆಯುವ 2001ರ ಸೂತ್ರ ಸ್ವಲ್ಪ ವಾಸಿ. ಎರಡರಲ್ಲೂ ಒಬ್ಬೊಬ್ಬರಿಗೆ ಹತ್ತು ಬಡಿತ ಹೆಚ್ಚುಕಡಿಮೆ ಆಗಬಹುದು, ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಿಗೆ ಎರಡೂ ಹೊಂದುವುದಿಲ್ಲ. ಕೈಗಡಿಯಾರಕ್ಕಿಂತ ಮಾತು ನಂಬಿಕಸ್ಥ. ಪೂರ್ತಿ ವಾಕ್ಯ ಆಡಬಲ್ಲಿರಾದರೆ ಹದ. ನಾಲ್ಕೈದು ಪದಕ್ಕೊಮ್ಮೆ ಉಸಿರು ಬೇಕಾದರೆ ಜೋರು. ಮಾತೇ ಬೇಡವೆನಿಸಿದರೆ ಬಿರುಸು. ಸ್ವೀಡನ್ನಿನ ಗುನ್ನಾರ್ ಬೋರ್ಗ್ ಇಂಥ ಅನಿಸಿಕೆಯನ್ನೇ 6ರಿಂದ 20ರವರೆಗಿನ ಅಂಕಿಗಳ ಮಾಪಕವಾಗಿ ಮಾಡಿದರು. ಅಂಕಿಯನ್ನು ಹತ್ತರಿಂದ ಗುಣಿಸಿದರೆ ಸುಮಾರಾಗಿ ನಾಡಿಬಡಿತ ಸಿಗುತ್ತದೆ.

ಭಾರಕ್ಕೆ ಬೇರೆ ಅಳತೆ: ಸೆಟ್ ನಿಲ್ಲಿಸಿದಾಗ ಇನ್ನೆಷ್ಟು ಸಲ ಎತ್ತಬಹುದಿತ್ತು? ಹೊಸಬರು ಮೂರು ಸಲದಷ್ಟು ಶಕ್ತಿ ಕೈಯಲ್ಲಿಟ್ಟುಕೊಂಡೇ ನಿಲ್ಲಿಸಬೇಕು. ಮೊದಮೊದಲು ಈ ಅಂದಾಜು ತಪ್ಪುತ್ತದೆ, ತಿಂಗಳು ಕಳೆದಂತೆ ಕುದುರುತ್ತದೆ.

ಮೊದಲ ಮೂರು ತಿಂಗಳು

ಜಿಮ್‌ನ ಯಂತ್ರಗಳ ಸಾಲು ನೋಡಿ ಗಾಬರಿಯಾಗಬೇಕಿಲ್ಲ. ಮೈ ಮಾಡುವ ಮುಖ್ಯ ಕೆಲಸಗಳು ಐದೇ: ಕುಕ್ಕರಗಾಲಿನಲ್ಲಿ ಕೂತು ಏಳುವುದು, ಸೊಂಟದಲ್ಲಿ ಬಗ್ಗಿ ನೆಲದಿಂದ ಎತ್ತುವುದು, ತಳ್ಳುವುದು, ಎಳೆಯುವುದು, ಹೊತ್ತು ನಡೆಯುವುದು. ಸ್ಕ್ವಾಟ್, ಡೆಡ್‌ಲಿಫ್ಟ್, ಬೆಂಚ್‌ಪ್ರೆಸ್, ರೋಯಿಂಗ್ ಎಲ್ಲವೂ ಇವುಗಳ ಶಾಸ್ತ್ರೀಯ ರೂಪಗಳು. ಬಾವಿಯಿಂದ ಹಗ್ಗ ಜಗ್ಗಿ ನೀರು ಸೇದಿ, ಎರಡು ಕೈಯಲ್ಲಿ ಬಿಂದಿಗೆ ಹಿಡಿದು ಮನೆಗೆ ನಡೆದವರು ಎಳೆಯುವುದನ್ನೂ ಹೊರುವುದನ್ನೂ ಬೇರೆಯಾಗಿ ಕಲಿಯಬೇಕಿರಲಿಲ್ಲ. ನಲ್ಲಿ ಬಂದ ಮೇಲೆ ಅದಕ್ಕೂ ತರಬೇತಿ ಬೇಕಾಗಿದೆ.

ಇವುಗಳಲ್ಲಿ ಕಲಿಯಲು ಕಷ್ಟವೆನಿಸುವುದು ಬಗ್ಗುವುದು. ಹೆಚ್ಚಿನವರು ಬೆನ್ನನ್ನು ಬಿಲ್ಲಾಗಿಸಿ ಬಗ್ಗುತ್ತಾರೆ. ಗೋಡೆಗೆ ಬೆನ್ನು ಮಾಡಿ ಒಂದಡಿ ಮುಂದೆ ನಿಂತು, ಮಂಡಿಯನ್ನು ತುಸುವೇ ಮಡಿಸಿ, ಪೃಷ್ಠವನ್ನು ಹಿಂದಕ್ಕೆ ತಳ್ಳಿ ಗೋಡೆ ಮುಟ್ಟಿಸುವುದನ್ನು ದಿನಕ್ಕೆ ಇಪ್ಪತ್ತು ಸಲ ಮಾಡಿದರೆ ಸೊಂಟದಿಂದ ಬಗ್ಗುವುದೆಂದರೇನೆಂದು ವಾರದೊಳಗೆ ಮೈಗೆ ತಿಳಿಯುತ್ತದೆ. ಡೆಡ್‌ಲಿಫ್ಟ್‌ನ ಅಕ್ಷರಾಭ್ಯಾಸ ಅಷ್ಟೇ. ಆಮೇಲೆ ಐದು ಕೆ.ಜಿ. ಅಕ್ಕಿ ಚೀಲ, ಹತ್ತು ಕೆ.ಜಿ.ಯದ್ದು, ಆಮೇಲೆ ಬಾರ್. ಕುಕ್ಕರಗಾಲು ಪೂರ್ತಿ ಬಾರದವರು ಕುರ್ಚಿಯ ತುದಿಗೆ ಕೂತು ಏಳುವುದರಿಂದ, ದಂಡ ಹೊಡೆಯಲಾಗದವರು ಅಡುಗೆಕಟ್ಟೆಯ ಅಂಚಿಗೆ ಕೈಯೂರಿ ತಳ್ಳುವುದರಿಂದ ಆರಂಭಿಸಬಹುದು.

ವಾರಕ್ಕೆ ಮೂರು ದಿನ ಸಾಕು, ನಡುವೆ ಒಂದೊಂದು ದಿನ ಬಿಡುವು. 'ಇವತ್ತು ಚೆಸ್ಟು, ನಾಳೆ ಬ್ಯಾಕು' ಎಂದು ಮೈಯನ್ನು ಹಂಚಿಕೊಳ್ಳುವ ರೂಢಿ ದೇಹದಾರ್ಢ್ಯ ಸ್ಪರ್ಧಿಗಳಿಂದ ಬಂದದ್ದು. ಹೊಸಬರು ಮೂರೂ ದಿನ ಇಡೀ ಮೈಗೆ ಕೆಲಸ ಕೊಟ್ಟರೆ ಪ್ರತಿ ಚಲನೆಯೂ ವಾರಕ್ಕೆ ಮೂರು ಸಲ ಅಭ್ಯಾಸವಾಗುತ್ತದೆ. ಮೊದಲ ನಾಲ್ಕು ವಾರ ಹತ್ತು ನಿಮಿಷದ ಚುರುಕು ನಡಿಗೆಯ ಬಳಿಕ ಐದೂ ಚಲನೆಗಳನ್ನು ಎಂಟರಿಂದ ಹತ್ತು ಸಲ, ಎರಡು ಸೆಟ್. ಸೆಟ್‌ಗಳ ನಡುವೆ ಎರಡು ನಿಮಿಷ ಕೂತು ಸುಧಾರಿಸಿಕೊಳ್ಳುವುದು. ಗಡಿಯಾರವನ್ನು ಈ ಬಿಡುವು ಅಳೆಯಲು ಮಾತ್ರ ಬಳಸಬೇಕು. ಮುಂದಿನ ನಾಲ್ಕು ವಾರ ಮೂರು ಸೆಟ್. ಹತ್ತರ ಎಣಿಕೆ ಸಲೀಸಾದಾಗ ತೂಕ ಏರಿಸಿ ಎಂಟಕ್ಕೆ ಇಳಿಯುವುದು, ಮತ್ತೆ ಹತ್ತಕ್ಕೆ ಹತ್ತುವುದು. ಇಲ್ಲೊಂದು ಸಣ್ಣ ತೊಡಕಿದೆ: ಅನೇಕ ಜಿಮ್‌ಗಳಲ್ಲಿ ಅತಿ ಸಣ್ಣ ಪ್ಲೇಟು 2.5 ಕೆ.ಜಿ.ಯದು, ಎರಡು ಬದಿಗೂ ಹಾಕಿದರೆ ಒಮ್ಮೆಗೇ ಐದು ಕೆ.ಜಿ. ಏರುತ್ತದೆ. ತೊಡೆಗೆ ಇದು ಪರವಾಗಿಲ್ಲ. ಬರೀ ಬಾರ್ ತೂಕವೇ 20 ಕೆ.ಜಿ. ಇರುವಾಗ, ತಲೆಯ ಮೇಲೆ ಎತ್ತುವ ಹೆಣ್ಣುಮಕ್ಕಳಿಗೆ ಇದು ದೊಡ್ಡ ನೆಗೆತ. ಅಂಥ ಕಡೆ ಡಂಬೆಲ್‌ಗಳೇ ಲೇಸು.

ಬಿರುಸು ಬರುವುದು ಐದಾರು ವಾರದ ನಂತರ, ಅದೂ ವಾರಕ್ಕೊಮ್ಮೆ, ತಪ್ಪಾಗಿ ಮಾಡಲು ಕಷ್ಟವಾದ ಚಲನೆಯಲ್ಲಿ: ನಿಂತ ಸೈಕಲ್, ಏರುದಾರಿಯ ನಡಿಗೆ, ಮೆಟ್ಟಿಲು. ಮೂವತ್ತು ಸೆಕೆಂಡು ಜೋರು, ಒಂದೂವರೆ ನಿಮಿಷ ನಿಧಾನ, ಆರು ಸಲ. ಕೊನೆಯ ಸುತ್ತು ಮೊದಲಿನಷ್ಟೇ ವೇಗದಲ್ಲಿ ಆಗಬೇಕು. ಆಗಲಿಲ್ಲವೆಂದರೆ ಮೊದಲನೆಯದು ಅತಿಯಾಗಿತ್ತು ಎಂದರ್ಥ. ಮೂರನೆಯ ತಿಂಗಳು ವಾರಕ್ಕೆರಡು ಸಲವಾಗಬಹುದು. ಬದಲಾವಣೆಯ ರುಚಿ ಬೇಕೆನಿಸಿದಾಗ 'ಸಿಂಡಿ'ಯನ್ನೇ ಹದಮಾಡಿಕೊಳ್ಳಬಹುದು: ಪುಲ್‌ಅಪ್ ಬದಲು ರಬ್ಬರ್ ಪಟ್ಟಿ ಎಳೆಯುವುದು, ಕಟ್ಟೆಗೆ ಕೈಯೂರಿ ದಂಡ, ಕುರ್ಚಿಗೆ ಬಸ್ಕಿ, ಇಪ್ಪತ್ತರ ಬದಲು ಎಂಟು ನಿಮಿಷ. ದಿನಕ್ಕೊಂದು ಹೊಸ ಕಸರತ್ತು ಎಂಬುದು ಹೊಸಬರಿಗೆ ಅಷ್ಟೇನೂ ಹಿತವಲ್ಲ. ಪ್ರತಿದಿನ ಹೊಸದನ್ನು ಮಾಡುವವರು ಯಾವುದರಲ್ಲೂ ಪಳಗುವುದಿಲ್ಲ, ಮುಂದೆ ಬಂದೆವೋ ಇಲ್ಲವೋ ಎಂದು ಅಳೆಯಲೂ ಅವರಿಗೆ ಆಗುವುದಿಲ್ಲ. ಜೇಬಿನಲ್ಲೊಂದು ನೋಟ್‌ಬುಕ್ಕು, ಅದರಲ್ಲಿ ದಿನಾಂಕ, ತೂಕ, ಎಣಿಕೆ ಇದ್ದರೆ ಸಾಕು.

ಅಪಾಯಗಳು

ಕ್ರಾಸ್‌ಫಿಟ್ ಮಾಡುವವರ ಗಾಯಗಳ ಸಮೀಕ್ಷೆಗಳಲ್ಲಿ ಸಾವಿರ ಗಂಟೆಯ ಅಭ್ಯಾಸಕ್ಕೆ ಸುಮಾರು ಮೂರು ಗಾಯಗಳ ಲೆಕ್ಕ ಬಂದಿದೆ. ಇದು ಭಾರ ಎತ್ತುಗೆ, ಜಿಮ್ನಾಸ್ಟಿಕ್ಸ್‌ಗಳ ಮಟ್ಟದ್ದೇ. ಭುಜಕ್ಕೆ ಪೆಟ್ಟು ಹೆಚ್ಚು, ಆಮೇಲೆ ಸೊಂಟ ಮತ್ತು ಮಂಡಿ.

ಅಪರೂಪವಾದರೂ ತಿಳಿದಿರಬೇಕಾದದ್ದು ರ‍್ಯಾಬ್ಡೊಮಯೊಲಿಸಿಸ್. ಅತಿಯಾಗಿ ದುಡಿದ ಸ್ನಾಯುತಂತುಗಳು ಒಡೆದು, ಅವುಗಳೊಳಗಿನ ಮಯೊಗ್ಲೋಬಿನ್ ರಕ್ತಕ್ಕೆ ಸೇರಿ ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಸ್ನಾಯು ಊದಿಕೊಂಡು ಕೈ ಮಡಚಲೂ ಆಗದಿರುವುದು, ಮೂತ್ರ ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗುವುದು ಇದರ ಲಕ್ಷಣ. ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಇದಕ್ಕೆ ಸುಲಭವಾಗಿ ತುತ್ತಾಗುವವರು ಪೂರಾ ಹೊಸಬರಷ್ಟೇ ಅಲ್ಲ. ಕಾಲೇಜಿನಲ್ಲಿ ಕಬಡ್ಡಿ ಆಡಿಯೋ ಓಟ ಓಡಿಯೋ ಇದ್ದು, ಹತ್ತು ವರ್ಷ ಬಿಟ್ಟು ಮರಳಿ ಬಂದವರೂ ಹೌದು. ಅವರ ಮನಸ್ಸು ಹಳೆಯ ವೇಗವನ್ನು ನೆನಪಿಟ್ಟಿರುತ್ತದೆ, ಸ್ನಾಯು ಮರೆತಿರುತ್ತದೆ. ಕ್ರಾಸ್‌ಫಿಟ್ ವಲಯದಲ್ಲಿ ಒಂದು ಕಾಲಕ್ಕೆ ಈ ಕಾಯಿಲೆಯ ಹೆಸರಿನಲ್ಲಿ ವಿದೂಷಕನ ವ್ಯಂಗ್ಯಚಿತ್ರವೇ ಓಡಾಡುತ್ತಿತ್ತು. ನಗಲು ಅದರಲ್ಲಿ ಏನಿತ್ತೋ.

ಹೃದಯದ ಪ್ರಶ್ನೆ ಕರ್ನಾಟಕದಲ್ಲಿ ಗಾಢವಾಗಿ ಎದ್ದದ್ದು 2021ರ ಅಕ್ಟೋಬರ್ 29ರಂದು. ಬೆಳಿಗ್ಗೆ ವ್ಯಾಯಾಮದ ಬಳಿಕ ಅಸ್ವಸ್ಥರಾದ ನಟ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ಹೃದಯಸ್ತಂಭನದಿಂದ ತೀರಿಕೊಂಡರು. ಮುಂದಿನ ದಿನಗಳಲ್ಲಿ ಹೃದ್ರೋಗ ಆಸ್ಪತ್ರೆಗಳ ಮುಂದೆ ತಪಾಸಣೆಗಾಗಿ ಜನ ಸಾಲುಗಟ್ಟಿದರು. ಜಿಮ್ ಎಂದರೆ ಮನೆಯವರು ಬೇಡವೆನ್ನುವಂತಾಯಿತು. ಒಂದು ಸಾವಿನಿಂದ ವ್ಯಾಯಾಮದ ಬಗ್ಗೆ ತೀರ್ಪು ಕೊಡಲು ಬರುವುದಿಲ್ಲ. ಸಾವಿರಾರು ಜನರನ್ನು ನೋಡಿದ ಅಧ್ಯಯನಗಳು ಹೇಳುವುದು ಹೀಗೆ: ಬಿರುಸಾಗಿ ದುಡಿದ ನಂತರದ ಒಂದು ಗಂಟೆಯಲ್ಲಿ ಹೃದಯಾಘಾತದ ಸಂಭವ ಹೆಚ್ಚುತ್ತದೆ. 1993ರ ಅಮೆರಿಕದ ಒಂದು ಅಧ್ಯಯನದಲ್ಲಿ ಈ ಹೆಚ್ಚಳ ವಾರಕ್ಕೆ ಐದು ಅಥವಾ ಹೆಚ್ಚು ಸಲ ಮೈದಣಿಸುವವರಲ್ಲಿ ಸುಮಾರು ಎರಡೂವರೆ ಪಟ್ಟು, ಮೈ ಅಲುಗಿಸದೆ ಇದ್ದವರಲ್ಲಿ ನೂರು ಪಟ್ಟಿಗೂ ಮೇಲು. ಒಬ್ಬೊಬ್ಬರ ಮಟ್ಟಿಗೆ ಆ ಒಂದು ಗಂಟೆಯ ಅಪಾಯ ಆಗಲೂ ಅತಿ ಸಣ್ಣದೇ. ಆದರೆ ನಡೆಯುವ ರೂಢಿಯೂ ಇಲ್ಲದವರು ಮೊದಲ ದಿನವೇ ಬಿರುಸಿಗೆ ಇಳಿಯಬಾರದೇಕೆಂಬುದಕ್ಕೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನ ಇರುವವರು, ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತ ಕಂಡ ಕುಟುಂಬದವರು, ಗರ್ಭಿಣಿಯರು ವೈದ್ಯರನ್ನು ಕಂಡೇ ಆರಂಭಿಸಬೇಕು. ವ್ಯಾಯಾಮದ ನಡುವೆ ಎದೆ ಬಿಗಿತ, ದವಡೆಗೋ ಎಡತೋಳಿಗೋ ಹರಿಯುವ ನೋವು, ಕಣ್ಣು ಕತ್ತಲಿಡುವುದು ಕಂಡರೆ ಅಲ್ಲೇ ನಿಲ್ಲಿಸಬೇಕು. ಅದನ್ನು 'ಗ್ಯಾಸ್ಟ್ರಿಕ್' ಎಂದು ತಳ್ಳಿಹಾಕುವ ನಮ್ಮ ಅಭ್ಯಾಸ ಅನೇಕರ ಪ್ರಾಣಕ್ಕೆ ಎರವಾಗಿದೆ.

ಊಟ, ನಿದ್ದೆ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಶಿಫಾರಸಿನಂತೆ ವಯಸ್ಕರಿಗೆ ಮೈತೂಕದ ಕೆ.ಜಿ.ಗೆ 0.83 ಗ್ರಾಂ ಪ್ರೋಟೀನ್ ದಿನವೂ ಬೇಕು. ಭಾರ ಸಾಧನೆ ಮಾಡುವವರಿಗೆ 1.6 ಗ್ರಾಂವರೆಗೆ ಏರಿಸಿದರೆ ಲಾಭ, ಅದರಾಚೆಗೆ ಹೆಚ್ಚಿನ ಗಳಿಕೆ ಕಂಡುಬಂದಿಲ್ಲ. ಮುದ್ದೆ ಬಲ ಕೊಡುತ್ತದೆಂಬ ಮಾತು ನಿಜವೇ, ಆದರೆ ರಾಗಿಯಲ್ಲಿ ಪ್ರೋಟೀನ್ ನೂರು ಗ್ರಾಂಗೆ ಸುಮಾರು ಏಳು ಗ್ರಾಂ ಮಾತ್ರ. ಹುರುಳಿಯಲ್ಲಿ ಇಪ್ಪತ್ತಕ್ಕೂ ಮೇಲು. ಮುದ್ದೆಯ ಪಕ್ಕದ ಹುರುಳಿ ಸಾರು ಬರೀ ತಿಳಿಯಾಗಿರದೆ ಕಾಳಿನಿಂದ ಗಟ್ಟಿಯಾಗಿದ್ದರೆ, ಜೊತೆಗೆ ಮೊಟ್ಟೆಯೋ ಮೊಸರೋ ಮೀನೋ ಇದ್ದರೆ ಲೆಕ್ಕ ಬಹಳಷ್ಟು ತುಂಬುತ್ತದೆ. ಡಬ್ಬದ ಪುಡಿ ಅನುಕೂಲಕ್ಕೆ ಮಾತ್ರ. ನಿದ್ದೆ ಏಳು ಗಂಟೆಗಿಂತ ಕಡಿಮೆಯಾದ ವಾರ ತೂಕ ಏರಿಸದಿರುವುದು ಜಾಣತನ.

ಹೆಂಗಸರು, ಹಿರಿಯರು

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಹದವಾದ ಅಥವಾ 75ರಿಂದ 150 ನಿಮಿಷ ಜೋರಾದ ಚಟುವಟಿಕೆಯನ್ನೂ, ಜೊತೆಗೆ ಎರಡು ದಿನವಾದರೂ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನೂ ಹೇಳುತ್ತದೆ. ನಮ್ಮಲ್ಲಿ ವಾಕಿಂಗ್ ಒಂದರಿಂದಲೇ ಎಲ್ಲ ಮುಗಿಯಿತೆಂದು ತಿಳಿದವರಿಗೆ ಈ ಎರಡನೆಯ ಭಾಗ ಕೇಳಿಸಿದಂತಿಲ್ಲ. ಭಾರ ಎತ್ತಿದರೆ ಹೆಣ್ಣುಮಕ್ಕಳ ಮೈ ಗಂಡಸರಂತಾಗುತ್ತದೆ ಎಂಬ ಅಂಜಿಕೆಗೆ ಆಧಾರವಿಲ್ಲ, ಅಷ್ಟು ಟೆಸ್ಟೋಸ್ಟಿರಾನ್ ಅವರ ಮೈಯಲ್ಲಿರುವುದಿಲ್ಲ. ಮುಟ್ಟು ನಿಂತ ಮೇಲೆ ಎಲುಬು ಸವೆಯುವ ವೇಗವನ್ನು ತಗ್ಗಿಸಲು ಅವರಿಗೇ ಭಾರ ಹೆಚ್ಚು ಬೇಕು.

ವಯಸ್ಸಾದ ಮೇಲೆ ಇದೆಲ್ಲ ಏಕೆ ಎನ್ನುವವರಿಗೆ ಅಮೆರಿಕದ ಬಾಸ್ಟನ್ನಿನಲ್ಲಿ ಮಾರಿಯಾ ಫಿಯಾಟರೋನ್ ತಂಡ ನಡೆಸಿದ ಪ್ರಯೋಗ ಒಂದು ಉತ್ತರ. ವೃದ್ಧಾಶ್ರಮದಲ್ಲಿದ್ದ, ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ತೊಡೆಯ ಸ್ನಾಯುಗಳಿಗೆ ಭಾರದ ತರಬೇತಿ ಕೊಡಲಾಯಿತು. ಹಗುರ ತೂಕವಲ್ಲ, ಒಂದು ಸಲ ಎತ್ತಬಲ್ಲ ಗರಿಷ್ಠದ 80%, ಡಿಲೋರ್ಮ್ ಹೇಳಿದಂತೆ ಇಷ್ಟಿಷ್ಟೇ ಏರಿಸುತ್ತ. 1990ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಅವರ ಕಾಲಿನ ಬಲ ಸರಾಸರಿ 174% ಹೆಚ್ಚಿತ್ತು. ಇಬ್ಬರು ಊರುಗೋಲನ್ನು ಬಿಟ್ಟು ನಡೆದರು. ತರಬೇತಿ ನಿಂತ ನಾಲ್ಕೇ ವಾರಗಳಲ್ಲಿ ಆ ಬಲದ ಸುಮಾರು ಮೂರರಲ್ಲೊಂದು ಪಾಲು ಇಳಿದುಹೋಗಿತ್ತು.